ಟರ್ಬೊ ಸೆಡಾನ್‌ನ ಕ್ಲಚ್ ಸುಡದಂತೆ ಊರೊಳಗೆ ಓಡಿಸುವುದು ಹೇಗೆ?

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ಮೇಲೆ ಬರುವ ರ‍್ಯಾಂಪ್ ಬಲು ಕಡಿದು. ಬೆಳಿಗ್ಗೆ ಎಂಟೂವರೆಗೆ ಗೇಟಿನ ಬಳಿ ಸ್ಕೂಲ್ ವ್ಯಾನ್ ಬಂದು ನಿಂತರೆ ಹೊರಡುವ ಕಾರುಗಳೆಲ್ಲ ರ‍್ಯಾಂಪಿನ ಮೇಲೇ ಸಾಲುಗಟ್ಟುತ್ತವೆ. ಹೋದ ಮಳೆಗಾಲದಲ್ಲಿ ಒಂದು ದಿನ ಮೂರನೇ ಮಹಡಿಯವರ ಹೊಸ ಸೆಡಾನ್ ಆ ಸಾಲಿನ ನಡುವೆ ಸಿಕ್ಕಿಕೊಂಡಿತು. ಅವರು ಬ್ರೇಕ್ ಒತ್ತಿರಲಿಲ್ಲ. ಆಕ್ಸಿಲರೇಟರ್ ಮೇಲೆ ತುಸುವೇ ಕಾಲಿಟ್ಟು ಕಾರನ್ನು ಏರಿನಲ್ಲಿ ತಡೆದು ಹಿಡಿದಿದ್ದರು. ಅಂಗುಲ ಮುಂದೆ, ಅಂಗುಲ ಹಿಂದೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಘಾಟು ಎದ್ದಿತು. "ಎಲ್ಲೋ ವೈರ್ ಸುಡ್ತಿದೆ ಸರ್" ಅಂತ ವಾಚ್‌ಮನ್ ಓಡಿ ಬಂದ.

"ವೈರ್ ಅಲ್ಲಪ್ಪ, ಕ್ಲಚ್ಚು" ಅಂದೆ. ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ, ಬಿಡಿಸುವ ತಟ್ಟೆ ಅದು.

ಮೂರನೇ ಮಹಡಿಯವರು ಕಿಟಕಿ ಇಳಿಸಿ ಕೇಳಿದರು: "ಇದು ಆಟೊಮ್ಯಾಟಿಕ್ ಅಲ್ವಾ ಸರ್? ಇದರಲ್ಲಿ ಕ್ಲಚ್ ಎಲ್ಲಿಂದ ಬಂತು?"

ಇಪ್ಪತ್ತು ಲಕ್ಷದ ಆಸುಪಾಸು ದುಡ್ಡು ಕೊಟ್ಟು ಇಂಥ ಕಾರು ತಂದ ಹಲವರ ಬಾಯಲ್ಲಿ ನಾನು ಇದೇ ಪ್ರಶ್ನೆ ಕೇಳಿದ್ದೇನೆ. ನಮ್ಮ ಮನೆಯಲ್ಲೂ 1.5 ಲೀಟರ್ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ ಇರುವ) ಸೆಡಾನ್ ಇದೆ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದಿನವೂ ಓಡುತ್ತದೆ. ಕಲಿತದ್ದನ್ನು ಬರೆದಿಡುತ್ತೇನೆ.

ಹಂತ 1: ನಿಮ್ಮ ಗೇರ್‌ಬಾಕ್ಸ್ ಯಾವುದು, ತಿಳಿದುಕೊಳ್ಳಿ

ಆಟೊಮ್ಯಾಟಿಕ್ ಎಲ್ಲವೂ ಒಂದೇ ಜಾತಿಯಲ್ಲ. ಹೋಂಡಾ ಸಿಟಿಯಲ್ಲಿರುವುದು ಸಿವಿಟಿ, ಅಂದರೆ ಹಲ್ಲುಗೇರ್‌ಗಳ ಬದಲು ಬೆಲ್ಟ್ ಇರುವ ಗೇರ್‌ಬಾಕ್ಸ್. ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್‌ನ 1 ಲೀಟರ್ ಎಂಜಿನ್‌ಗೆ ಜೋಡಿಸಿರುವುದು ಟಾರ್ಕ್ ಕನ್ವರ್ಟರ್; ಅದು ಎಣ್ಣೆಯ ಮೂಲಕ ಶಕ್ತಿ ದಾಟಿಸುವುದರಿಂದ ಟ್ರಾಫಿಕ್ಕಿನಲ್ಲಿ ತೆವಳಿದರೂ ತಾಳಿಕೊಳ್ಳುತ್ತದೆ. ಇದೇ ಎರಡು ಕಾರುಗಳ 1.5 ಲೀಟರ್ ಎಂಜಿನ್ 150 ಪಿಎಸ್ ಶಕ್ತಿಯದು. ಅದಕ್ಕೆ ಬರುವುದು 7 ಗೇರ್‌ಗಳ ಡ್ಯುಯಲ್ ಕ್ಲಚ್. 2023ರಲ್ಲಿ ಬಂದ ಹುಂಡೈ ವೆರ್ನಾದ 160 ಪಿಎಸ್ ಟರ್ಬೊಗೂ ಹಾಗೆಯೇ. ಇವುಗಳೊಳಗೆ ಎರಡು ಒಣ ಕ್ಲಚ್‌ಗಳಿವೆ, ಒಂದು ಬೆಸ ಗೇರ್‌ಗಳಿಗೆ, ಇನ್ನೊಂದು ಸಮ ಗೇರ್‌ಗಳಿಗೆ. ನಿಮ್ಮ ಎಡಗಾಲು ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ, ಅಷ್ಟೇ. ಒಣ ಕ್ಲಚ್ಚನ್ನು ತಂಪು ಮಾಡಲು ಎಣ್ಣೆಯಿಲ್ಲ, ಸುತ್ತಲಿನ ಗಾಳಿಯೇ ಗತಿ.

ಮುಂದಿನ ಎರಡು ಹಂತ ಡ್ಯುಯಲ್ ಕ್ಲಚ್ ಕಾರುಗಳಿಗೆ. ಮ್ಯಾನ್ಯುಯಲ್ ಗೇರಿನ ಕಾರು ಇದ್ದವರು ಹಂತ 4ಕ್ಕೆ ಹೋಗಬಹುದು.

ಹಂತ 2: ತೆವಳುವ ಟ್ರಾಫಿಕ್

ಜನ ತಪ್ಪುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಡಿ (ಡ್ರೈವ್) ಮೋಡ್‌ನಲ್ಲಿ ಬ್ರೇಕ್ ಪೂರ್ತಿ ಒತ್ತಿದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತದೆ. ಆಗ ಸವೆತವೂ ಇಲ್ಲ, ಕಾವೂ ಇಲ್ಲ. ಕಾರು ವೇಗ ಹಿಡಿದ ಮೇಲೆ ಕ್ಲಚ್ ಪೂರ್ತಿ ಕಚ್ಚಿಕೊಳ್ಳುತ್ತದೆ, ಆಗಲೂ ಕ್ಷೇಮ. ಅಪಾಯ ಇರುವುದು ಇವೆರಡರ ನಡುವೆ. ಬ್ರೇಕನ್ನು ಅರ್ಧ ಸಡಿಲಿಸಿ ಗಂಟೆಗೆ ಮೂರು, ನಾಲ್ಕು ಕಿಲೋಮೀಟರಿನಲ್ಲಿ ಜಾರುತ್ತಾ ಹೋದಾಗ ಕ್ಲಚ್ ಉಜ್ಜಿಕೊಳ್ಳುತ್ತಲೇ ಇರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ಹೀಗೆ ಹೋದರೆ, ಹಳೆಯ ಕಾರಿನಲ್ಲಿ ಮುಕ್ಕಾಲು ಗಂಟೆ ಹಾಫ್ ಕ್ಲಚ್‌ನಲ್ಲಿ ಓಡಿಸಿದ ಹಾಗೆ.

ಮಾಡಬೇಕಾದ್ದು ಇಷ್ಟು. ಮುಂದಿನ ಕಾರು ಹೊರಟಿತೆಂದು ನೀವು ತಕ್ಷಣ ಹೊರಡಬೇಡಿ, ಬ್ರೇಕ್ ಒತ್ತಿಯೇ ಇರಿ. ಒಂದೂವರೆ ಕಾರಿನಷ್ಟು ಜಾಗ ಬಿಡಲಿ. ಆಮೇಲೆ ಬ್ರೇಕ್ ಪೂರ್ತಿ ಬಿಟ್ಟು, ಆಕ್ಸಿಲರೇಟರನ್ನು ಹದವಾಗಿ ಆದರೆ ಅನುಮಾನಿಸದೆ ಒತ್ತಿ. ಕಾರು ಹತ್ತು ಹನ್ನೆರಡು ಕಿಲೋಮೀಟರ್ ವೇಗಕ್ಕೆ ಬರಲಿ. ಎಳೆತ ಒಂದೇ ಸಮನಾದದ್ದು ಸೀಟಿನಲ್ಲೇ ಗೊತ್ತಾಗುತ್ತದೆ. ಜಾಗ ಮುಗಿಯುತ್ತಿದ್ದಂತೆ ಪೂರ್ತಿ ನಿಲ್ಲಿಸಿ. ಆ ಜಾಗಕ್ಕೆ ಆಟೊ ನುಗ್ಗುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ನುಗ್ಗಲಿ, ಹೊಡೆಯಲಿ. ಕ್ಲಚ್ ಸೆಟ್ ಬದಲಿಸುವ ಬಿಲ್ ಕಟ್ಟುವವರು ಅವರಲ್ಲ.

ಇನ್ನೊಂದು ಉಪಾಯ. ಡಿ ಮೋಡ್‌ನಲ್ಲಿ ಪೆಟ್ರೋಲ್ ಉಳಿಸಲೆಂದು ಕಾರು ಬೇಗನೇ ಎರಡನೇ ಗೇರಿಗೆ ಹೋಗುತ್ತದೆ, ಮತ್ತೆ ಒಂದಕ್ಕೆ ಇಳಿಯುತ್ತದೆ. ಆ ಏರಿಳಿತಕ್ಕೇ ಕಾರು ಜಗ್ಗಿದ ಹಾಗಾಗುವುದು. ಗೇರ್ ಲಿವರನ್ನು ಮ್ಯಾನ್ಯುಯಲ್ ಕಡೆ ಸರಿಸಿ ಒಂದನೇ ಗೇರಿನಲ್ಲೇ ಉಳಿಸಿಕೊಳ್ಳಿ. ಜಗ್ಗಾಟ ಅರ್ಧಕ್ಕರ್ಧ ಇಳಿಯುತ್ತದೆ. ನಾನು ಹೆಬ್ಬಾಳದ ಫ್ಲೈಓವರ್ ದಾಟುವವರೆಗೆ ಹೀಗೇ ಓಡಿಸುವುದು.

ಸಿಗ್ನಲ್ಲಿನಲ್ಲಿ ಎನ್‌ಗೆ (ನ್ಯೂಟ್ರಲ್) ಹಾಕಬೇಕೆ? ಅರ್ಧ ನಿಮಿಷದ ನಿಲುಗಡೆಗೆ ಬೇಡ, ಬ್ರೇಕ್ ಗಟ್ಟಿಯಾಗಿ ಒತ್ತಿದರೆ ಸಾಕು. ನಿಮಿಷ ದಾಟುವ ಹಾಗಿದ್ದರೆ ಎನ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲಿಗೂ ವಿಶ್ರಾಂತಿ.

ಹಂತ 3: ಏರು ಮತ್ತು ರ‍್ಯಾಂಪ್

ಕೆಳಗೆ ಸಮತಟ್ಟು ಜಾಗದಲ್ಲೇ ಕಾಯಿರಿ. ರ‍್ಯಾಂಪ್ ಖಾಲಿಯಾದ ಮೇಲೆ ಒಂದೇ ಉಸಿರಿಗೆ ಹತ್ತಿ. ನಡುವೆ ನಿಲ್ಲಬೇಕಾಗಿ ಬಂದರೆ ಬ್ರೇಕ್‌ನಿಂದಲೇ ಹಿಡಿಯಿರಿ, ಎಷ್ಟೇ ಹೊತ್ತಾದರೂ ಆಕ್ಸಿಲರೇಟರ್‌ನಿಂದ ಹಿಡಿಯಬೇಡಿ. ಬ್ರೇಕ್ ಬಿಟ್ಟ ಮೇಲೆ ಹಿಲ್ ಹೋಲ್ಡ್ ಎರಡು ಸೆಕೆಂಡ್ ಆಸುಪಾಸು ಕಾರನ್ನು ತಡೆಯುತ್ತದೆ, ಅಷ್ಟರೊಳಗೆ ಹೊರಡಬೇಕು. ರಿವರ್ಸ್‌ನಲ್ಲಿ ರ‍್ಯಾಂಪ್ ಹತ್ತುವುದಂತೂ ಬೇಡವೇ ಬೇಡ. ರಾತ್ರಿ ಬಂದಾಗಲೇ ಕಾರನ್ನು ತಿರುಗಿಸಿ, ಬೆಳಿಗ್ಗೆ ಮುಖ ಮುಂದಾಗಿ ಹೊರಡುವಂತೆ ನಿಲ್ಲಿಸಿ.

ಘಾಟು ಬಂದೇಬಿಟ್ಟರೆ ಅಥವಾ ಗೇರ್‌ಬಾಕ್ಸ್ ಕಾವೇರಿದೆ ಎಂದು ಡ್ಯಾಶ್‌ಬೋರ್ಡ್ ಹೇಳಿದರೆ ಬದಿಗೆ ನಿಲ್ಲಿಸಿ, ಪಿ ಹಾಕಿ, ಹದಿನೈದು ಇಪ್ಪತ್ತು ನಿಮಿಷ ಬಿಡಿ. ಮೂರನೇ ಮಹಡಿಯವರು ಆ ದಿನ ಹಾಗೇ ಮಾಡಿದರು. ಕ್ಲಚ್ ಉಳಿಯಿತು, ಇಂದಿಗೂ ಚೆನ್ನಾಗಿದೆ.

ಹಂತ 4: ಹಂಪ್ ದಾಟುವುದು

ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್‌ನ ಅಳತೆಯಂತೆ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಗಂಟೆಗೆ 25 ಕಿಲೋಮೀಟರಿನಲ್ಲಿ ಆರಾಮಾಗಿ ದಾಟಬಹುದು. ಸ್ಲಾವಿಯಾ, ವರ್ಟಸ್‌ನ ಅಡಿಗೆ 179 ಮಿಲಿಮೀಟರ್ ಎತ್ತರವಿದೆ. ಲೆಕ್ಕದ ಪ್ರಕಾರ ತಾಗಲೇಬಾರದು. ಆದರೆ ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳಿಗೆ ಆ ಅಗಲವಿಲ್ಲ, ಎತ್ತರ ಮಾತ್ರ ಇದೆ. ಉದ್ದನೆಯ ಸೆಡಾನ್‌ನ ಮುಂದಿನ ಚಕ್ರ ದಾಟಿದ ಮೇಲೆ ಹೊಟ್ಟೆ ಅದರ ಮೇಲೆ ಕೂರುತ್ತದೆ. ಜೊತೆಗೆ, 179 ಎಂಬುದು ಖಾಲಿ ಕಾರಿನ ಅಳತೆ. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಊರಿಂದ ತಂದ ಅಕ್ಕಿಮೂಟೆ, ತೆಂಗಿನಕಾಯಿ ಇದ್ದರೆ ಹಿಂಭಾಗ ಇಳಿದಿರುತ್ತದೆ.

ಬ್ರೇಕನ್ನು ಹಂಪ್‌ಗೆ ಮುಂಚೆಯೇ ಹಾಕಿ ಮುಗಿಸಿ, ಚಕ್ರ ಏರುವ ಹೊತ್ತಿಗೆ ಕಾಲು ತೆಗೆದಿರಿ. ಬ್ರೇಕ್ ಒತ್ತಿದ್ದಾಗ ಕಾರಿನ ಮೂತಿ ತಗ್ಗಿರುತ್ತದೆ, ಬಿಟ್ಟರೆ ಎದ್ದುಕೊಳ್ಳುತ್ತದೆ. ತಾಗುವುದೋ ಬಿಡುವುದೋ ಎಂಬುದು ಆ ಒಂದೆರಡು ಬೆರಳಿನ ಅಂತರದಲ್ಲೇ ತೀರ್ಮಾನವಾಗುತ್ತದೆ. ತೀರಾ ಚೂಪಾದ ಹಂಪ್ ಆದರೆ, ಹಿಂದೆ ಬೈಕ್ ಇಲ್ಲವೆಂದು ನೋಡಿಕೊಂಡು, ಓರೆಯಾಗಿ ಒಂದೊಂದೇ ಚಕ್ರ ದಾಟಿಸಿ. ಅದಕ್ಕೂ ಬಗ್ಗದಿದ್ದರೆ ಹಿಂದೆ ಕೂತವರನ್ನು ಇಳಿಸಿ. ನಮ್ಮ ಅತ್ತೆಯವರು ಊರಿನ ದೇವಸ್ಥಾನದ ಹಂಪ್ ಬಂದರೆ ಹೇಳುವ ಮೊದಲೇ ಬಾಗಿಲು ತೆಗೆಯುತ್ತಾರೆ.

ಅಂಗಡಿಗಳಲ್ಲಿ ಸ್ಪ್ರಿಂಗ್ ನಡುವೆ ತುರುಕುವ ರಬ್ಬರ್ ಬಫರ್ ಮಾರುತ್ತಾರೆ, ಅಡಿ ಎತ್ತರವಾಗುತ್ತದೆ ಎಂದು. ಹಾಕಿಸಬೇಡಿ. ರಬ್ಬರ್ ಕೂತ ಕಡೆ ಸ್ಪ್ರಿಂಗ್‌ಗೆ ಅಲ್ಲಾಡಲು ಆಗುವುದಿಲ್ಲ, ಆ ಪೆಟ್ಟು ಸಸ್ಪೆನ್ಷನ್ನಿನ ಮೇಲ್ಭಾಗಕ್ಕೆ ಹೋಗುತ್ತದೆ. ಈ ಕಾರು ಕೊಂಡಿದ್ದೇ ತಿರುವಿನಲ್ಲಿ ಅದು ರಸ್ತೆ ಹಿಡಿಯುವ ರೀತಿಗೆ, ಅದನ್ನೇ ಕೆಡಿಸಿಕೊಂಡ ಹಾಗಾಗುತ್ತದೆ. ಪವರ್ ಹೆಚ್ಚಿಸುತ್ತೇವೆ ಎನ್ನುವ ಟ್ಯೂನಿಂಗ್ ಬಾಕ್ಸ್‌ಗಳಿಗೂ ನನ್ನದು ಇದೇ ಮಾತು. ಒಣ ಕ್ಲಚ್ ತಾಳುವ ಟಾರ್ಕ್‌ಗೆ, ಅಂದರೆ ಎಂಜಿನ್ನಿನ ತಿರುಗಿಸುವ ಬಲಕ್ಕೆ, ಮಿತಿಯಿದೆ, ಕಂಪನಿಯವರು ಅದರ ಅಂಚಿನವರೆಗೂ ಬಳಸಿಯೇ ಕೊಟ್ಟಿದ್ದಾರೆ.

ಹಂತ 5: ಘಾಟಿಯಲ್ಲಿ

ಚಾರ್ಮಾಡಿಯೋ ಶಿರಾಡಿಯೋ, ಇಳಿಯುವಾಗ ಮ್ಯಾನ್ಯುಯಲ್ ಮೋಡ್‌ನಲ್ಲಿ ಎರಡು ಅಥವಾ ಮೂರನೇ ಗೇರ್ ಇರಲಿ. ಏರುವಾಗ ಎಂಜಿನ್ನನ್ನು ಅರಚಿಸಬೇಕಿಲ್ಲ. 150 ಪಿಎಸ್ ಎಂಜಿನ್‌ನ 250 ಎನ್‌ಎಂ ಟಾರ್ಕ್ ಪೂರ್ತಿ ಸಿಗುವುದು 1,600ರಿಂದ 3,500 ಆರ್‌ಪಿಎಂ ನಡುವೆ. ಅದಕ್ಕಿಂತ ಕೆಳಗೆ ಟರ್ಬೊ ಇನ್ನೂ ಎದ್ದಿರುವುದಿಲ್ಲ. ಲಾರಿ ಹಿಂದಿಕ್ಕುವ ಮುಂಚೆಯೇ ಒಂದು ಗೇರ್ ಇಳಿಸಿಕೊಳ್ಳಿ, ಬಲಕ್ಕೆ ಬಂದ ಮೇಲಲ್ಲ. ಘಾಟಿ ಹತ್ತಿ ಮುಗಿದು ಕಾಫಿಗೆ ನಿಲ್ಲಿಸಿದರೆ ಎಂಜಿನ್ನನ್ನು ಅರ್ಧ ನಿಮಿಷ ಹಾಗೇ ಬಿಟ್ಟು ಆಮೇಲೆ ಆಫ್ ಮಾಡಿ. ಕಾದ ಟರ್ಬೊದ ಮೂಲಕ ಎಣ್ಣೆ ಹರಿದು ತಣಿಯಲಿ.

ಹಂತ 6: ತಿಂಗಳ ಕೆಲಸ

ಟೈರ್ ತಣ್ಣಗಿದ್ದಾಗ ಗಾಳಿ ನೋಡಿಸಿ. ಕಾರಿಗೆ ಅಂಟಿಸಿರುವ ಚೀಟಿಯ ಅಂಕಿಯೇ ಸರಿ, ಬಂಕಿನ ಹುಡುಗ ಹೇಳಿದ್ದಲ್ಲ. ಸ್ಲಾವಿಯಾ, ವರ್ಟಸ್‌ಗೆ ಕಂಪನಿ ಹೇಳುವ ಸರ್ವಿಸ್ 15,000 ಕಿಲೋಮೀಟರ್ ಅಥವಾ ಒಂದು ವರ್ಷಕ್ಕೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕಿಲೋಮೀಟರ್ ಕಮ್ಮಿ ಓಡಿದರೂ ಎಂಜಿನ್ ಗಂಟೆಗಟ್ಟಲೆ ಉರಿಯುತ್ತಿರುತ್ತದೆ. ಹಾಗಾಗಿ ನಾನು ಎಂಜಿನ್ ಆಯಿಲ್ ಅನ್ನು 7,500ಕ್ಕೇ ಬದಲಿಸುತ್ತೇನೆ, ಕಾರಿನ ಕೈಪಿಡಿಯಲ್ಲಿ ಬರೆದ ಗ್ರೇಡ್‌ನದ್ದನ್ನೇ ಹಾಕಿಸುತ್ತೇನೆ. ಸರ್ವಿಸ್‌ಗೆ ಬಿಟ್ಟಾಗ ಕೇಳದೇ ಬಿಲ್ಲಿಗೆ ಸೇರಿಸುವ ಎಂಜಿನ್ ಫ್ಲಶ್, ಎಸಿ ಡಿಸಿನ್ಫೆಕ್ಟೆಂಟ್‌ಗಳನ್ನು ಜಾಬ್ ಕಾರ್ಡ್ ಬರೆಯುವಾಗಲೇ ಹೊಡೆದುಹಾಕಿಸಿ.

ಕೊನೆಗೆ ಟಾರ್ಚ್ ಹಿಡಿದು ಕಾರಿನ ಕೆಳಗೆ ಒಮ್ಮೆ ನೋಡಿ. ಎಂಜಿನ್ ಅಡಿಯ ಪ್ಲಾಸ್ಟಿಕ್ ಕವರ್ ಮೊದಲು ಸಡಿಲವಾಗುವುದು ಮುಂದಿನ ಅಂಚಿನಲ್ಲಿ. ನಮ್ಮದರಲ್ಲಿ ಒಂದು ಸ್ಕ್ರೂ ಹಂಪ್‌ಗೆ ಉಜ್ಜಿ ಕಿತ್ತುಹೋಗಿತ್ತು, ಹೆದ್ದಾರಿಯಲ್ಲಿ ಗಾಳಿಗೆ ಕವರ್ ಬಡಿಯತೊಡಗಿದಾಗಲೇ ಗೊತ್ತಾದದ್ದು. ಹೊಸ ಕವರ್ ಏನೂ ಬೇಕಾಗಲಿಲ್ಲ. ಗ್ಯಾರೇಜಿನಲ್ಲಿ ಸ್ಕ್ರೂ ಜೊತೆ ಅಗಲದ ವಾಷರ್ ಹಾಕಿ ಬಿಗಿದರು, ಹತ್ತು ನಿಮಿಷದ ಕೆಲಸ.