ಪಾಸ್‌ಪೋರ್ಟ್ ಫೋಟೊ ಕ್ಯಾಮೆರಾದಲ್ಲಿ ಸ್ಟೀರಿಯೊ ಚಿತ್ರ

ನಾಲ್ಕು ಲೆನ್ಸಿನ ಹಳೆಯ ಪೋಲರಾಯ್ಡ್ ಪಾಸ್‌ಪೋರ್ಟ್ ಕ್ಯಾಮೆರಾದಲ್ಲಿ ಸ್ಟೀರಿಯೊ, ಅಂದರೆ ಎರಡು ಕಣ್ಣಿಗೆ ಒಂದೊಂದು ಚಿತ್ರ ತೋರಿಸಿ ಆಳ ಕಾಣಿಸುವ ಜೋಡಿ ಚಿತ್ರ, ತೆಗೆಯಲು ಲೆನ್ಸ್ ಬದಲಿಸುವ ಕೆಲಸವೇ ಇಲ್ಲ. ಅಕ್ಕಪಕ್ಕದ ಲೆನ್ಸ್‌ಗಳು ಮುಖವನ್ನು ತುಸು ಬೇರೆ ಬೇರೆ ಕಡೆಯಿಂದ ನೋಡುತ್ತವೆ, ಸ್ಟೀರಿಯೊಗೆ ಬೇಕಾದದ್ದೂ ಅಷ್ಟೇ. ಮೇಲಿನ ಎರಡು ಚಿತ್ರ ಒಂದು ಜೋಡಿ, ಕೆಳಗಿನವು ಇನ್ನೊಂದು. ಮೇಲಿನದನ್ನು ಕೆಳಗಿನದರ ಜೊತೆ ಜೋಡಿಸಿದರೆ ಕಣ್ಣು ನೋಯುತ್ತದೆ.

ಕೊಳ್ಳುವ ಮುಂಚೆ ಹಿಂಬದಿ ತೆರೆದು, ಬಲ್ಬಿನತ್ತ ಹಿಡಿದು ಶಟರ್ ಒತ್ತಿ. ನಾಲ್ಕೂ ಕಿಂಡಿ ಒಟ್ಟಿಗೆ ಬೆಳಗಬೇಕು. ಒಂದೊಂದಾಗಿ ತೆರೆದರೆ ಅಷ್ಟರಲ್ಲಿ ಮುಖ ಕದಲಿರುತ್ತದೆ.

ಇದಕ್ಕೆ ಹೊಂದುತ್ತಿದ್ದ ಫ್ಯೂಜಿ ಎಫ್‌ಪಿ-100ಸಿ ಫಿಲ್ಮಿನ ತಯಾರಿಕೆ 2016ರಲ್ಲಿ ನಿಂತಿತು. ಬದಲಿಗೆ ಎಕ್ಸ್‌ರೇ ಫಿಲ್ಮ್ ಬಳಸಬಹುದು. 8×10 ಇಂಚಿನ ಒಂದು ಹಾಳೆಯಲ್ಲಿ 83×108 ಮಿ.ಮೀ.ನ ನಾಲ್ಕು ತುಂಡು ಸಿಗುತ್ತವೆ. ಕಡು ಕೆಂಪು ದೀಪದಲ್ಲಿ ಕತ್ತರಿಸಿ, ಹಳೆಯ ಫಿಲ್ಮಿನ ಖಾಲಿ ಪ್ಯಾಕಿನ ಕಿಟಕಿಗೆ ಒಳಗಿನಿಂದ ಒತ್ತಿಟ್ಟು, ಹಿಂದೆ ಕಪ್ಪು ರಟ್ಟು ತುಂಬಿ. ಫಿಲ್ಮ್ ಸಡಿಲವಾಗಿದ್ದರೆ ಫೋಕಸ್ ಹೋಗುತ್ತದೆ. ಒಮ್ಮೆಗೆ ಒಂದೇ ಹಾಳೆ. ಫಿಲ್ಮ್ ಬೆಳಕಿಗೆ ಸ್ಪಂದಿಸುವ ವೇಗ ಐಎಸ್‌ಒ 100 ಎಂದು ಶುರುಮಾಡಿ, ಕೆಳಗಿನ ಎರಡು ಲೆನ್ಸ್‌ಗೆ ಒಂದು ಸ್ಟಾಪಿನ, ಅಂದರೆ ಬೆಳಕನ್ನು ಅರ್ಧಕ್ಕಿಳಿಸುವ, ಎನ್‌ಡಿ ಫಿಲ್ಟರ್ ಅಂಟಿಸಿ: ಒಂದೇ ಹೊಡೆತಕ್ಕೆ ಎರಡು ಎಕ್ಸ್‌ಪೋಷರ್! ಎರಡೂ ಬದಿ ಲೇಪವಿರುವ ಫಿಲ್ಮ್ ಬೇಗ ಗೀರಾಗುತ್ತದೆ, ಡೆವಲಪ್ ಮಾಡುವ ಟ್ರೇ ತಳಕ್ಕೆ ಗಾಜು ಹಾಕಿ. ಕೆಂಪು ಬಣ್ಣ ಈ ಫಿಲ್ಮಿಗೆ ಕಾಣದು, ತುಟಿ ಕಪ್ಪಾಗುತ್ತದೆ.

ಹೆಚ್ಚಿನವರು ಎಡವುವುದು ಹಿನ್ನೆಲೆಯಲ್ಲಿ. ಫೋಕಸ್ ದೂರ 1.2 ಮೀಟರ್, ಲೆನ್ಸ್ 125 ಮಿ.ಮೀ., ಲೆನ್ಸ್‌ಗಳ ನಡುವೆ 33 ಮಿ.ಮೀ. ಎಂದಿಟ್ಟುಕೊಳ್ಳಿ (ನಿಮ್ಮ ಕ್ಯಾಮೆರಾದ್ದನ್ನು ಅಳೆದೇ ಲೆಕ್ಕ ಹಾಕಿ). ದೂರದ ಬೆಟ್ಟ ಹಿನ್ನೆಲೆಯಲ್ಲಿದ್ದರೆ ಎರಡು ಚಿತ್ರಗಳ ನಡುವೆ ಅದು ಮುಖಕ್ಕೆ ಹೋಲಿಸಿದರೆ 3.8 ಮಿ.ಮೀ. ಸರಿದಿರುತ್ತದೆ. 36 ಮಿ.ಮೀ. ಅಗಲದ ಚಿತ್ರದಲ್ಲಿ ಕಣ್ಣು ಸುಲಭವಾಗಿ ಸಹಿಸುವುದು ಅಗಲದ ಮೂವತ್ತನೇ ಒಂದು ಭಾಗ, ಅಂದರೆ 1.2 ಮಿ.ಮೀ. ಹಾಗಾಗಿ ಹಿನ್ನೆಲೆಯ ಗೋಡೆ ಕ್ಯಾಮೆರಾದಿಂದ 1.7 ಮೀಟರಿನೊಳಗೆ, ಮುಖದ ಹಿಂದೆ ಸುಮಾರು 50 ಸೆಂ.ಮೀ.ಗೆ ಇರಲಿ. ಗುರುತುಗಳಿಲ್ಲದ ಕಪ್ಪು ಬಟ್ಟೆಯಾದರೆ ಈ ಲೆಕ್ಕದ ಗೊಡವೆಯಿಲ್ಲ. ಈ ಕ್ಯಾಮೆರಾದ ಬಲ ಮುಖ, ಕೈ, ಹೂಗೊಂಚಲಿನಂಥ ಹತ್ತಿರದ ವಸ್ತುಗಳಲ್ಲಿದೆ.

ನೆಗೆಟಿವ್ ಸ್ಕ್ಯಾನ್ ಮಾಡಿ ನೆಟ್ಟಗೆ ತಿರುಗಿಸಿದಾಗ ಎಡಗಣ್ಣಿನ ಚಿತ್ರ ಬಲಕ್ಕೆ ಹೋಗಿರುತ್ತದೆ. ಹಾಗೇ ಸ್ಟೀರಿಯೊ ಚಿತ್ರ ನೋಡುವ ವ್ಯೂವರಿಗೆ ಹಾಕಿದರೆ ಮೂಗು ಒಳಕ್ಕೆ ಕುಸಿದಂತೆ ಕಾಣುತ್ತದೆ. ಎರಡನ್ನೂ ಕತ್ತರಿಸಿ ಅದಲುಬದಲು ಮಾಡಿ. ಸ್ಟೀರಿಯೊಫೋಟೊ ಮೇಕರ್ ಎಂಬ ಉಚಿತ ತಂತ್ರಾಂಶದಲ್ಲಿ ಓರೆ ಸರಿಪಡಿಸಿ, ಎರಡು ಚಿತ್ರಗಳಲ್ಲಿನ ಒಂದೇ ಕಣ್ಣಿನ ನಡುವೆ ಸುಮಾರು 63 ಮಿ.ಮೀ. ಅಂತರ ಬರುವಂತೆ ಮುದ್ರಿಸಿ.