ಗದ್ದೆಯ ಹೆಬ್ಬಾತು ನೋಡಲು ಕಾರಿನಿಂದ ಇಳಿಯಬೇಡಿ
ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಕಡೆ ಫೆಬ್ರವರಿಯಲ್ಲಿ ಪಟ್ಟೆತಲೆ ಹೆಬ್ಬಾತು ನೋಡಲು ಹೋದರೆ, ನೀರು ಕಟ್ಟಿದ ಗದ್ದೆಯ ಪಕ್ಕ ಸೂರ್ಯ ಬೆನ್ನಿಗಿರುವಂತೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಒಳಗೇ ಕೂತು ನೋಡಿ. ರಸ್ತೆಯ ವಾಹನ ಅವಕ್ಕೆ ರೂಢಿ. ಆದರೆ ಬದುವಿನ ಮೇಲೆ ಎದ್ದು ನಿಂತ ಮನುಷ್ಯನ ಆಕಾರ ಕಂಡರೆ ಹೆದರುತ್ತವೆ. ಮೇಯುವಾಗ ಒಂದೆರಡು ಹಕ್ಕಿ ಕತ್ತೆತ್ತುವುದು ಸಹಜ, ಅವು ಕಾವಲಿಗೆ. ಗುಂಪಿನ ಅರ್ಧದಷ್ಟು ಕತ್ತು ನೆಟ್ಟಗಾದರೆ ಹಾರುವ ಸೂಚನೆ, ಅಲ್ಲಾಡಬೇಡಿ. ಕತ್ತಿನಲ್ಲಿ ಸಂಶೋಧಕರು ಗುರುತಿಗೆ ತೊಡಿಸಿದ ಪಟ್ಟಿ ಇದ್ದರೆ ಅದರ ಅಂಕಿ ಓದಲು ಅದೇ ಒಳ್ಳೆಯ ಕ್ಷಣ, ಬಗ್ಗಿ ಮೇಯುವಾಗ ಪೈರಿನಲ್ಲಿ ಮರೆಯಾಗುತ್ತದೆ. ಬಿಸಿಲೇರಿದ ಮೇಲೆ ಈ ಉಪಾಯ ಫಲಿಸದು: ಗಾಳಿ ನಡುಗಿ ದುರ್ಬೀನಿನಲ್ಲಿ ಎಲ್ಲ ಅಲೆಯಾಗಿ ಕಾಣುತ್ತದೆ. ಪೈರು ಉಳಿಸಲು ರೈತರು ಪಟಾಕಿ ಹೊಡೆಯುವ ಕಡೆಯೂ ಅಷ್ಟೇ, ಹಕ್ಕಿ ಯಾವುದನ್ನೂ ನಂಬುವುದಿಲ್ಲ.