ಮುಧೋಳದ ಕುಂಬಳಕಾಯಿ ದುಬೈ ಮುಟ್ಟಿದ ಲೆಕ್ಕ

ಕುಂಬಳಕಾಯಿ ಹಡಗು ಹತ್ತುವ ಮಾಲಲ್ಲ ಅಂತ ಹೇಳಿದವರು ನಮ್ಮ ಕಡೆ ಬಹಳ ಜನ. ಈಗ ಅವರ ಮುಂದೆ ಇಡಲು ನನ್ನ ಹತ್ತಿರ ಲೆಕ್ಕ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಇದು ಸಿಹಿಗುಂಬಳದ ಮಾತು, ಬೂದಗುಂಬಳದ್ದಲ್ಲ. ಡ್ರಿಪ್ ಎಷ್ಟು ಹೊತ್ತು ಬಿಡಬೇಕು, ಬಳ್ಳಿ ಯಾವಾಗ ಚಿವುಟಬೇಕು, ರಫ್ತಿಗೆ ಬೇಕಾದ ಐಇಸಿ ಮತ್ತು ಅಪೆಡಾ ನೋಂದಣಿ ಹೇಗೆ ಅನ್ನುವುದೆಲ್ಲ ನಿಮಗೆ ಗೊತ್ತು. ಅದನ್ನು ಬಿಟ್ಟುಬಿಡುತ್ತೇನೆ.

ಎಲ್ಲರ ವಾದವೂ ಒಂದೇ ಆಗಿತ್ತು. ತೂಕ ಜಾಸ್ತಿ, ರೇಟು ಕಡಿಮೆ. ತಿಕೋಟಾ ಕಡೆಯ ದ್ರಾಕ್ಷಿ ಗೆಳೆಯರು ನಕ್ಕರು, ಅವರ ಮಾಲಿಗೆ ಕಿಲೋಗೆ ಬರುವ ದುಡ್ಡಿನಲ್ಲಿ ಹಡಗಿನ ಬಾಡಿಗೆ ಕಾಣುವುದೇ ಇಲ್ಲ. ನಮ್ಮ ದೊಡ್ಡಪ್ಪನಂತೂ ನೇರವಾಗಿ ಕೇಳಿದರು, "ತಮ್ಮಾ, ನಾಕ್ ರೂಪಾಯಿ ಮಾಲಿಗೆ ಎಂಟ್ ರೂಪಾಯಿ ಬಾಡಿಗಿ ಕಟ್ತಿ ಏನೋ?" ಅವರು ಹೇಳಿದ್ದರಲ್ಲೂ ಸತ್ಯ ಇತ್ತು. ಎಲ್ಲರೂ ಒಟ್ಟಿಗೆ ಕಾಯಿ ಇಳಿಸಿದ ವಾರ ಬೆಳಗಾವಿ ಮಾರ್ಕೆಟ್‌ನಲ್ಲಿ ನಾಲ್ಕು ರೂಪಾಯಿಗೂ ಕೇಳುವವರಿಲ್ಲದ್ದನ್ನು ನಾವೆಲ್ಲ ನೋಡಿದ್ದೇವೆ.

ಆದರೆ ಹೊರಗೆ ಈ ವ್ಯಾಪಾರ ಭರ್ಜರಿಯಾಗಿ ನಡೆಯುತ್ತಲೇ ಇದೆ. ಮೆಕ್ಸಿಕೋದಿಂದ ಅಮೆರಿಕಕ್ಕೆ ಲಾರಿಗಟ್ಟಲೆ ಹೋಗುತ್ತದೆ, ಸ್ಪೇನ್‌ನಿಂದ ಫ್ರಾನ್ಸ್ ಮತ್ತು ಜರ್ಮನಿಗೆ ಹೋಗುತ್ತದೆ. ನ್ಯೂಜಿಲೆಂಡ್‌ನವರು ಕಬೋಚಾ ಅನ್ನುವ ಹಸಿರು ಸಿಪ್ಪೆಯ ಕುಂಬಳವನ್ನು ಅಷ್ಟು ದೂರದ ಜಪಾನ್‌ಗೆ ಹಡಗಿನಲ್ಲೇ ಕಳಿಸುತ್ತಾರೆ. ಟೊಂಗಾ ಅನ್ನುವ ಪುಟ್ಟ ದ್ವೀಪದೇಶ 1980ರ ದಶಕದ ಕೊನೆಯಲ್ಲಿ ಇದೇ ಧಂದೆಗೆ ಇಳಿಯಿತು. ಜಪಾನ್‌ನವರ ಸ್ವಂತ ಬೆಳೆ ಮುಗಿದು ನ್ಯೂಜಿಲೆಂಡ್ ಮಾಲು ಇನ್ನೂ ಬಾರದ ಸಮಯ ಹಿಡಿದು ದುಡ್ಡು ಮಾಡಿತು. ಅವರು ಮಾರಿದ್ದು ಕಾಯಿಯನ್ನು, ಗಳಿಸಿದ್ದು ಕ್ಯಾಲೆಂಡರ್‌ನಿಂದ. ನನಗೆ ಹೊಳೆದದ್ದು ಇಲ್ಲೇ. ದ್ರಾಕ್ಷಿಗೆ ಕೋಲ್ಡ್ ಸ್ಟೋರೇಜ್ ಬೇಕು, ನಿದ್ದೆ ಕೆಡಿಸುವ ಗಡಿಬಿಡಿ ಬೇಕು. ಸರಿಯಾಗಿ ಹದ ಮಾಡಿದ ಕುಂಬಳ ಎರಡು ತಿಂಗಳು ಸುಮ್ನೆ ಕೂತಿರುತ್ತದೆ. ಮುಂಬೈ ಹತ್ತಿರದ ನಾವಾ ಶೇವಾ ಬಂದರಿನಿಂದ ದುಬೈಯ ಜೆಬೆಲ್ ಅಲಿ ಬಂದರಿಗೆ ಹಡಗಿನ ದಾರಿ ಒಂದು ವಾರವೂ ಅಲ್ಲ.

ಮೊದಲ ಮಾಲು ಹೋಗಿದ್ದು ಬೇರೆಯವರ ಕಂಟೇನರ್‌ನಲ್ಲಿ ಜಾಗ ಹಂಚಿಕೊಂಡು. ಒಳಗೆ ಬೇರೆ ತರಕಾರಿ ಇತ್ತು, ಅದಕ್ಕೆ ಬೇಕಾದಂತೆ ನಾಲ್ಕೈದು ಡಿಗ್ರಿ ಇಟ್ಟಿದ್ದರು. ದುಬೈಯಲ್ಲಿ ಇಳಿಸಿದಾಗ ಕಾಯಿ ಹೊಳೆಯುತ್ತಿತ್ತು, ಫೋಟೋ ನೋಡಿ ನಾವು ಊರಲ್ಲಿ ಪೇಡೆ ಹಂಚಿದೆವು. ಮೂರ್ನಾಲ್ಕು ದಿನಕ್ಕೆ ಸಿಪ್ಪೆಯ ಮೇಲೆ ಕುಳಿ ಬಿದ್ದು, ಅಲ್ಲಿಂದ ಕೊಳೆ ಶುರುವಾಯಿತು. 10 ಡಿಗ್ರಿಗಿಂತ ಕೆಳಗೆ ಹೋದರೆ ಕುಂಬಳಕ್ಕೆ ಚಳಿ ತಾಗುತ್ತದೆ. ಆ ಪೆಟ್ಟು ಒಳಗಿದ್ದಾಗ ಕಾಣುವುದಿಲ್ಲ, ಹೊರಗೆ ಬಿಸಿಗೆ ಬಂದಮೇಲೆ ಕಾಣುತ್ತದೆ. ಅರ್ಧಕ್ಕರ್ಧ ಹೋಯಿತು ಅಂತಿಟ್ಟುಕೊಳ್ಳಿ, ಒಂದು ಲಕ್ಷದ ಮೇಲೆ ಹೊಡೆತ. ಆಮೇಲಿಂದ ನಮ್ಮದೇ ಪೂರ್ತಿ ಕಂಟೇನರ್, 12 ಡಿಗ್ರಿ, ಗಾಳಿಕಿಂಡಿ ತೆರೆದೇ ಇರಬೇಕು. ಬುಕಿಂಗ್ ಕಾಗದದಲ್ಲಿ ಅದನ್ನು ಬರೆಸಿಕೊಳ್ಳಿ, ಬಾಯಿಮಾತು ನಂಬಬೇಡಿ.

ಅದರ ನಂತರದ ಪೆಟ್ಟು ದುಡ್ಡಿನದು. ಕಮಿಷನ್ ಮೇಲೆ ಮಾರಿಕೊಡುತ್ತೇನೆ ಅಂದ ಒಬ್ಬ ಏಜೆಂಟನಿಗೆ ಮಾಲು ಹೋಯಿತು. ತೂಕ ಕಡಿಮೆ, ಕೊಳೆ ಜಾಸ್ತಿ ಅಂತ ಫೋಟೋ ಕಳಿಸಿದ. ಫೋಟೋದಲ್ಲಿದ್ದ ಚೀಲ ಹಸಿರು, ನಮ್ಮದು ಕೆಂಪು. ನಾನು ಚೀಲದ ಬಣ್ಣದ ಮಾತನ್ನೇ ಎತ್ತಿರಲಿಲ್ಲ, ಕಂಟೇನರ್ ಎಷ್ಟೊತ್ತಿಗೆ ತೆರೆದಿರಿ ಅಂತ ಮಾತ್ರ ಕೇಳಿದ್ದೆ. ಅಷ್ಟಕ್ಕೇ ಅವನು "ಚೀಲ ಬದಲಾಯಿಸಿದ್ದು ಲೇಬರ್‌ನವರು" ಅಂತ ಶುರು ಮಾಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ ಅಲ್ವಾ! ಎರಡೂವರೆ ಲಕ್ಷದ ಹತ್ತಿರ ಹೋಯಿತು. ಈಗ ಮಾಲು ಹೊರಡುವ ಮೊದಲು 40 ಪರ್ಸೆಂಟ್, ಮಾಲು ಹಡಗು ಹತ್ತಿದ್ದಕ್ಕೆ ಸಿಗುವ ಬಿಎಲ್ ರಸೀದಿಯ ಸ್ಕ್ಯಾನ್ ತೋರಿಸಿದಮೇಲೆ ಉಳಿದದ್ದು. ಒಪ್ಪದಿದ್ದರೆ ನಮಸ್ಕಾರ. ರಫ್ತು ವಿಮೆಯ ಇಸಿಜಿಸಿ ಪಾಲಿಸಿಯೂ ಇದೆ, ಆದರೆ ಮುಂಗಡದಷ್ಟು ಒಳ್ಳೆ ವಿಮೆ ಇನ್ನೊಂದಿಲ್ಲ.

ಈಗ ಕೆಲಸ ಮಾಡಿದ ಪದ್ಧತಿ.

ಸೈಜು ಮೊದಲು. ಇಲ್ಲಿ ನಾವು ಎಂಟು ಹತ್ತು ಕಿಲೋ ಕಾಯಿ ಬೆಳೆದು ಮೀಸೆ ತಿರುವುತ್ತೇವೆ. ಅಲ್ಲಿ ಇಡೀ ಕಾಯಿ ಮನೆಗೆ ಒಯ್ಯುವವರಿಗೆ ಎರಡರಿಂದ ಮೂರು ಕಿಲೋ ಸಾಕು. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ಚಂದನ್ ತಳಿ ಈ ಅಳತೆಗೆ ಸರಿಯಾಗಿ ಬರುತ್ತದೆ, ಒಳಗೆ ಬಣ್ಣ ಚೆನ್ನಾಗಿದೆ, ಚಪ್ಪಟೆ ಇರುವುದರಿಂದ ಚೀಲದಲ್ಲಿ ಒಳ್ಳೆ ಕೂರುತ್ತದೆ. ಕಂಪನಿ ಹೈಬ್ರಿಡ್ ಆದರೆ ಗಿಡ ಸ್ವಲ್ಪ ಒತ್ತಾಗಿ ಹಾಕಿ, ಬಳ್ಳಿಗೆ ಕಾಯಿ ಜಾಸ್ತಿ ಬಿಟ್ಟು ಸೈಜು ಇಳಿಸುತ್ತೇನೆ. ಎಷ್ಟು ಅಂತರ ಅಂತ ಫೋನ್ ಮಾಡಬೇಡಿ, ಅದು ನಿಮ್ಮ ಮಣ್ಣಿನ ಮೇಲೆ ಇದೆ, ಮತ್ತೆ ಅಷ್ಟು ಬೇಗ ಹೇಳಿಬಿಡುವ ಮನಸ್ಸೂ ಇಲ್ಲ.

ನೊಣ ಎರಡನೆಯದು. ಹಣ್ಣುನೊಣದ ಒಂದು ಹುಳ ತಪಾಸಣೆಯಲ್ಲಿ ಸಿಕ್ಕರೆ, ಮಾಲಿನಲ್ಲಿ ಕೀಟ, ರೋಗ ಇಲ್ಲ ಅನ್ನುವ ಫೈಟೋ ಸರ್ಟಿಫಿಕೇಟ್ ಮರೆತುಬಿಡಿ. 2014ರಲ್ಲಿ ಯುರೋಪ್ ನಮ್ಮ ಮಾವು, ಹಾಗಲ, ಪಡವಲ, ಬದನೆಗಳನ್ನೆಲ್ಲ ನಿಲ್ಲಿಸಿದ್ದು ಇಂಥ ಕೀಟಗಳಿಂದಲೇ. ನಮ್ಮ ಊರಲ್ಲಿ ಮಾವಿನ ತೋಟದ ಬಲೆಯನ್ನೇ ತಂದು ಕುಂಬಳದ ಹೊಲದಲ್ಲಿ ಕಟ್ಟಿ, ಬಲೆ ತುಂಬಾ ನೊಣ ಬಿದ್ದಿದೆ ಅಂತ ಖುಷಿಪಡುವವರಿದ್ದಾರೆ. ಮಾವಿನ ನೊಣಕ್ಕೆ ಮೀಥೈಲ್ ಯುಜಿನಾಲ್, ಬಳ್ಳಿ ತರಕಾರಿಯ ನೊಣಕ್ಕೆ ಕ್ಯೂ ಲ್ಯೂರ್. ಎರಡೂ ಬೇರೆ ಬೇರೆ ಆಮಿಷ. ಹೂವು ಕಾಣುವ ಮೊದಲೇ ಕಟ್ಟಬೇಕು, ಚುಚ್ಚಿದ ಹೀಚನ್ನು ಹೊಲದಲ್ಲಿ ಬಿಡದೆ ಆರಿಸಿ ಆಳವಾಗಿ ಹೂಳಬೇಕು.

ಮೂರನೆಯದು ತೊಟ್ಟು, ಇದರಲ್ಲೇ ಅರ್ಧ ಧಂದೆ ಇದೆ. ತೊಟ್ಟು ಒಣಗಿ ಬಿರುಸಾದಮೇಲೆ ಕತ್ತರಿಯಿಂದ ಎರಡು ಇಂಚು ಬಿಟ್ಟು ಕತ್ತರಿಸಬೇಕು. ನಮ್ಮ ಆಳುಗಳು ತೊಟ್ಟು ಹಿಡಿದೇ ಕಾಯಿ ಎತ್ತುತ್ತಿದ್ದರು, ತೊಟ್ಟು ಕಿತ್ತ ಜಾಗದಿಂದಲೇ ಕೊಳೆ ಒಳಗೆ ಇಳಿಯುತ್ತದೆ. ಎಷ್ಟು ಹೇಳಿದರೂ ನಿಲ್ಲಲಿಲ್ಲ. ಕೊನೆಗೆ ತೊಟ್ಟಿರುವ ಕಾಯಿಗೆ ಮಾತ್ರ ಎಣಿಸಿ ಕೂಲಿ ಅಂದೆ, ಮರುದಿನವೇ ಎಲ್ಲರ ಕೈಯೂ ಮೆತ್ತಗಾಯಿತು. ಕತ್ತರಿಸಿದ ತುದಿಗೆ ನಾವು ಒಂದು ಹಚ್ಚುತ್ತೇವೆ. ಔಷಧ ಅಲ್ಲ, ಉಳಿಕೆ ಪರೀಕ್ಷೆಯಲ್ಲಿ ಯಾವತ್ತೂ ತೊಂದರೆ ಬಂದಿಲ್ಲ, ಮನೆಯಲ್ಲೇ ಸಿಗುವ ವಸ್ತು. ಇಷ್ಟು ಸಾಕು.

ಆಮೇಲೆ ಕ್ಯೂರಿಂಗ್, ಅಂದರೆ ಸಿಪ್ಪೆ ಗಟ್ಟಿಯಾಗುವಂತೆ ಕಾಯಿಯನ್ನು ಹದಕ್ಕೆ ಬಿಡುವುದು. ಶೇಡ್‌ನೆಟ್ ಕೆಳಗೆ, ನೆಲಕ್ಕೆ ತಾಗದಂತೆ ಬಿದಿರಿನ ತಟ್ಟಿಯ ಮೇಲೆ ಒಂದೇ ಸಾಲು, ಒಂದು ವಾರದಿಂದ ಹತ್ತು ದಿನ. 27-28 ಡಿಗ್ರಿ ಆಸುಪಾಸು ಬೇಕು, ಅದು ಫೆಬ್ರವರಿಯಲ್ಲಿ ನಮ್ಮ ಕಡೆ ನೆರಳಲ್ಲಿ ಪುಕ್ಕಟೆ ಸಿಗುತ್ತದೆ. ರಾತ್ರಿ ಚಳಿಗೆ ತಾಡಪಾಲು ಇಳಿಬಿಡಿ. ಉಗುರಿನಿಂದ ಒತ್ತಿದರೆ ಸಿಪ್ಪೆ ಇಳಿಯಬಾರದು, ಅಲ್ಲಿಗೆ ಆಯಿತು. ರುಚಿ ನೋಡಲು ನನ್ನ ಹತ್ತಿರ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಇದೆ, ಆದರೆ ಅವ್ವ ಪ್ರತಿ ಲಾಟಿನಿಂದ ಒಂದು ಕಾಯಿ ಒಯ್ದು ಗಾರಿಗೆ ಮಾಡುತ್ತಾಳೆ. ಬೆಲ್ಲ ಎಷ್ಟು ಹಿಡಿಯಿತು ಅನ್ನುವುದರ ಮೇಲೆ ಅವಳು ಕೊಡುವ ತೀರ್ಪಿಗೂ ಮೀಟರಿಗೂ ಇದುವರೆಗೆ ಜಗಳ ಬಂದಿಲ್ಲ.

ಸಾಗಣೆಯಲ್ಲಿ ನಾನು ಉಳಿಸಿದ್ದು ಹೀಗೆ. ಖಾಲಿ ರೀಫರನ್ನು, ಅಂದರೆ ತಂಪು ಕಂಟೇನರನ್ನು, ಮುಂಬೈಯಿಂದ ಮುಧೋಳಕ್ಕೆ ತರಿಸಿ ತುಂಬಿ ವಾಪಸ್ ಕಳಿಸಿದರೆ ಎಂಬತ್ತು ತೊಂಬತ್ತು ಸಾವಿರ ಕೇಳುತ್ತಾರೆ. ಕ್ಯೂರಿಂಗ್ ಆದ ಕಾಯಿಗೆ ಆ ಐನೂರು ಕಿಲೋಮೀಟರ್‌ಗೆ ಎಸಿ ಯಾಕೆ? ಸಾದಾ ಲಾರಿಗೆ ಕಬ್ಬಿನ ರವದಿ (ಒಣ ಎಲೆ) ಹಾಸಿ, ಸಂಜೆ ಬಿಟ್ಟು, ಮಹಾಲಿಂಗಪುರ, ಚಿಕ್ಕೋಡಿ, ನಿಪ್ಪಾಣಿ ಮೇಲೆ ಹೈವೇ ಹಿಡಿದರೆ ಬೆಳಿಗ್ಗೆ ನವಿ ಮುಂಬೈ. ಐವತ್ತು ಸಾವಿರದೊಳಗೆ ಮುಗಿಯುತ್ತದೆ. ಅಲ್ಲಿ ಪ್ಯಾಕ್‌ಹೌಸ್‌ನಲ್ಲಿ ಒರೆಸಿ, ಆರಿಸಿ, ಕಂಟೇನರ್‌ಗೆ. ಎಚ್ಚರ, ಕಂಟೇನರ್ ಒಳಗೆ ರವದಿಯ ಒಂದು ಎಳೆ, ಮಣ್ಣಿನ ಒಂದು ಹೆಂಟೆ ಕಂಡರೂ ತಪಾಸಣೆಯವರು ಬಿಡುವುದಿಲ್ಲ.

ಜಾಳಿಗೆ ಚೀಲ ಒಂದರ ಮೇಲೊಂದು ಏರಿಸಿದರೆ ಕೆಳಗಿನ ಸಾಲು ಜಜ್ಜಿಹೋಗುತ್ತದೆ. ಪೂರ್ತಿ ರಟ್ಟಿನ ಡಬ್ಬಿ ಮಾಡಿದರೆ ಕಿಲೋಗೆ ಮೂರು ರೂಪಾಯಿ ಬಿತ್ತು. ಮರದ ಹಲಗೆ ಅಡ್ಡ ಕೊಡೋಣ ಅಂದರೆ ಅದಕ್ಕೆ ಬಿಸಿ ಮಾಡಿ ಕೀಟ ಸಾಯಿಸಿದ್ದಕ್ಕೆ ಹಾಕುವ ಐಎಸ್‌ಪಿಎಂ 15 ಮುದ್ರೆ ಬೇಕು. ಪ್ಲೈವುಡ್‌ಗೆ ಆ ಮುದ್ರೆ ಬೇಡ. ಈಗ ಕೆಲವು ಸಾಲಿಗೊಂದು ಪ್ಲೈವುಡ್ ಹಾಳೆ, ಚೀಲ ಹಾಗೇ.

ಕಾಗದದಲ್ಲಿ ಒಂದೇ ಮಾತು. ಕುಂಬಳ, ಸ್ಕ್ವಾಷ್‌ಗೆ ಕಸ್ಟಮ್ಸ್‌ನ ಎಚ್‌ಎಸ್ ಕೋಡ್ 0709 93. ಅದು ಸಿಹಿಗುಂಬಳ ಸೇರುವ ಕುಕುರ್ಬಿಟಾ ಕುಲಕ್ಕೆ ಮಾತ್ರ. ಮೂಲೆಯಲ್ಲಿ ಜಾಗ ಉಳಿದಿದೆ ಅಂತ ಬೂದಗುಂಬಳ ತುರುಕಿದರೆ ಅದರ ಕೋಡ್ ಬೇರೆ, ಬಿಲ್ಲಿನಲ್ಲೂ ಬೇರೆ ಸಾಲು ಬೇಕು.

ದುಡ್ಡು, ನೆನಪಿನಿಂದ. ನಲವತ್ತು ಅಡಿ ರೀಫರ್‌ಗೆ 24 ಟನ್ ಹಿಡಿಯಿರಿ. ಎಕರೆಗೆ ಹತ್ತು ಟನ್ ಬಂದರೂ ಸೈಜು, ಕಲೆ ನೋಡಿದಮೇಲೆ ಆರು ಟನ್ ಉಳಿಯುತ್ತದೆ, ಅಂದರೆ ನಾಲ್ಕು ಎಕರೆಗೆ ಒಂದು ಕಂಟೇನರ್. ಹೊಲದಲ್ಲಿ ಕಿಲೋಗೆ ಐದರಿಂದ ಆರು ಖರ್ಚು. ಅದರ ಮೇಲೆ ಕ್ಯೂರಿಂಗ್, ಚೀಲ, ಹಮಾಲಿ ಎರಡೂವರೆ, ಲಾರಿ ಎರಡು, ಕ್ಲಿಯರಿಂಗ್ ಮತ್ತು ಬಂದರಿನ ಖರ್ಚು ಮೂರರ ಹತ್ತಿರ, ಹಡಗು ಐದೂವರೆ. ಕೈಗೆ ಬಂದದ್ದು ಕಿಲೋಗೆ ದಿರ್ಹಾಮ್ ಒಂದೂಕಾಲರ ಆಸುಪಾಸು, ಅಂದರೆ ಆಗಿನ ದರದಲ್ಲಿ 28 ರೂಪಾಯಿ. ಅಲ್ಲಿನ ಇಳಿಸುವ ಖರ್ಚು ನಮ್ಮ ಮೇಲೆ ಬಿದ್ದರೂ ಕಿಲೋಗೆ ಏಳೆಂಟು ಉಳಿಯುತ್ತದೆ. ಕಂಟೇನರ್‌ಗೆ ಒಂದು ಮುಕ್ಕಾಲು ಲಕ್ಷ ಅನ್ನಿ. ಕಬ್ಬಿನ ಬಿಲ್ಲಿಗೆ ಕಾಯುವವರಿಗೆ ಇದರ ರುಚಿ ಗೊತ್ತಾಗುತ್ತದೆ. ದೊಡ್ಡಪ್ಪ ಈಗ ಬಾಡಿಗೆ ಮಾತು ಎತ್ತುವುದಿಲ್ಲ, ಅವರ ಎರಡು ಎಕರೆ ನನ್ನ ಲೆಕ್ಕದಲ್ಲೇ ಇದೆ.

2024ರ ಶುರುವಿನಲ್ಲಿ ಹಡಗಿನ ಬಾಡಿಗೆ ಏರಿದ್ದು ಬೇರೆ. ಯೆಮೆನ್‌ನ ಹೌತಿ ಬಂಡುಕೋರರ ದಾಳಿಯಿಂದ ಯುರೋಪ್‌ಗೆ ಹೋಗುವ ಹಡಗುಗಳು ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿ ಹೋದವು. ನಮ್ಮ ದಾರಿ ಕೆಂಪು ಸಮುದ್ರ ಮುಟ್ಟುವುದೇ ಇಲ್ಲ, ಆದರೂ ಕಂಟೇನರ್‌ಗಳು ಆ ಸುತ್ತುದಾರಿಯಲ್ಲೇ ಉಳಿದು ರೀಫರ್‌ಗೆ ಪರದಾಟ. ಆಗ ಎರಡು ವಾರ ಮಾಲು ಶೆಡ್ಡಿನಲ್ಲೇ ಕೂತಿತು, ಕೊಳೆತದ್ದು ನೂರಕ್ಕೆ ಮೂರೂ ಇಲ್ಲ. ದ್ರಾಕ್ಷಿ ಆಗಿದ್ದರೆ?

ಪಕ್ಕದ ಪ್ರಯೋಗಗಳೂ ನಡೆದವು. ಜಪಾನ್ ಹೆಸರು ಕೇಳಿ ಕಬೋಚಾ ಹಾಕಿದೆ, ಬಿಸಿಲಿಗೆ ಸಿಪ್ಪೆ ಸುಟ್ಟು, ಬೂದಿರೋಗ ಹತ್ತಿ, ಸಿಕ್ಕಿದ್ದನ್ನು ಮನೆಯವರೇ ತಿಂದೆವು. ಬಟರ್‌ನಟ್ ನಮ್ಮ ಸಿಹಿಗುಂಬಳದ ಜಾತಿಯದೇ, ಸೆಕೆ ತಡೆಯುತ್ತದೆ. ಅದು ಸೂಪರ್‌ಮಾರ್ಕೆಟ್‌ಗೆ ಹೋಗುತ್ತದೆ, ರೇಟು ಹೆಚ್ಚುಕಮ್ಮಿ ಎರಡರಷ್ಟು. ಆದರೆ ಬೀಜ ದುಬಾರಿ, ಡಬ್ಬಿ ಕಡ್ಡಾಯ. ರಿಜೆಕ್ಟ್ ಕಾಯಿಯ ಬೀಜ ಒಣಗಿಸಿ ತಿರುಳು ಮಾರೋಣ ಅಂತಲೂ ನೋಡಿದೆ. ಆಸ್ಟ್ರಿಯಾದ ಸ್ಟೀರಿಯಾ ಕಡೆ ಸಿಪ್ಪೆಯೇ ಇಲ್ಲದ ಬೀಜದ ಕುಂಬಳ ಇದೆ, ಅದರಿಂದ ಎಣ್ಣೆ ತೆಗೆಯುತ್ತಾರೆ. ನಮ್ಮದು ಗಟ್ಟಿ ಸಿಪ್ಪೆ. ಒಬ್ಬ ಹೆಣ್ಣಾಳು ದಿನವಿಡೀ ಕೂತು ಬಿಡಿಸಿದರೆ ಅರ್ಧ ಕಿಲೋ, ಕೂಲಿಯೂ ಹುಟ್ಟುವುದಿಲ್ಲ.

ಇನ್ನು ಟೊಂಗಾದವರಿಂದ ಕಲಿತ ಕ್ಯಾಲೆಂಡರ್ ವಿಷಯ. ರಂಜಾನ್‌ನಲ್ಲಿ ದುಬೈಯ ಮನೆಗಳಲ್ಲಿ ಥರೀದ್ ಅನ್ನುವ ಅಡುಗೆ ಜಾಸ್ತಿ, ರೊಟ್ಟಿ ಮೇಲೆ ಮಾಂಸ ತರಕಾರಿಯ ಸಾರು, ಅದರಲ್ಲಿ ಕುಂಬಳವೂ ಬೀಳುತ್ತದೆ. ಮಾಲು ಹತ್ತು ದಿನ ಮೊದಲು ಅಲ್ಲಿನ ಅಲ್ ಅವೀರ್ ತರಕಾರಿ ಮಾರ್ಕೆಟ್‌ನಲ್ಲಿರಬೇಕು. 2025ರಲ್ಲಿ ಅಲ್ಲಿ ರಂಜಾನ್ ಮಾರ್ಚ್ 1ಕ್ಕೆ ಶುರುವಾಯಿತು. ಬೆಳೆ, ಕ್ಯೂರಿಂಗ್, ಸಾಗಣೆ ಎಲ್ಲ ಸೇರಿ ಹಿಂದಕ್ಕೆ ಎಣಿಸಿದರೆ ಬಿತ್ತನೆ ಅಕ್ಟೋಬರ್ ಮೊದಲ ವಾರಕ್ಕೆ ಬಂತು, ನಮಗೆ ಹೇಳಿ ಮಾಡಿಸಿದ ಕಾಲ. ಆದರೆ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2030ಕ್ಕೆ ಅದು ಜನವರಿ ಮೊದಲ ವಾರಕ್ಕೆ ಬರುತ್ತದೆ, ಆಗ ಆಗಸ್ಟ್‌ನಲ್ಲೇ ಬೀಜ ಬೀಳಬೇಕು. ಮಳೆಯಲ್ಲಿ ಹೂವು, ಎಲೆಗೆ ರೋಗ, ಪರಾಗಕ್ಕೆ ಜೇನೂ ಹೊರಗೆ ಬರುವುದಿಲ್ಲ.

ಹಾಗಾಗಿ ಈ ಸಲ ಒಂದು ಎಕರೆಯಲ್ಲಿ ಎತ್ತರದ ಮಡಿ, ಮಲ್ಚಿಂಗ್ ಹಾಕಿ ಸೆಪ್ಟೆಂಬರ್ ಬಿತ್ತನೆ ನೋಡುತ್ತಿದ್ದೇನೆ. ಇನ್ನೊಂದು ದಾರಿ ಓಣಂ. ದುಬೈಯ ಮಲಯಾಳಿಗಳಿಗೆ ಹಬ್ಬದೂಟದ ಎರಿಶ್ಶೇರಿ ಅನ್ನುವ ಅಡುಗೆಗೆ ಕುಂಬಳ ಬೇಕೇ ಬೇಕು, ಆದರೆ ಆ ಹೊತ್ತಿಗೆ ಕೇರಳದಿಂದಲೇ ವಿಮಾನದಲ್ಲಿ ತರಕಾರಿ ಹೋಗುತ್ತದೆ, ಅವರ ಜೊತೆ ರೇಟಿನಲ್ಲಿ ಗುದ್ದಾಡಬೇಕು. ನಾಲ್ಕು ಎಕರೆ ಒಬ್ಬರಿಗೇ ಆಗದವರು ಇಬ್ಬರು ಮೂವರು ಸೇರಿ ಒಂದೇ ತಳಿ, ಒಂದೇ ವಾರ ಬಿತ್ತಿದರೆ ಕಂಟೇನರ್ ತುಂಬುತ್ತದೆ. ಜಮಖಂಡಿ, ಬೀಳಗಿ ಕಡೆಯವರು ಬರುವುದಾದರೆ ನಮ್ಮ ಶೆಡ್ಡಿನಲ್ಲಿ ಜಾಗ ಇದೆ, ತಟ್ಟಿ ಮಾತ್ರ ನೀವೇ ತರಬೇಕು.